ಮೂರು ತೂತು

ಗ್ದಿನ್ಯಾ ಬಂದರಿನಲ್ಲಿ ಇಪ್ಪತ್ತಾರು ವರ್ಷ
ಕ್ರೇನಿನ ಗಾಜುಗೂಡಲ್ಲಿ ಕೂತು
ಕೆಳಗೆ ಬಂದು ನಿಂತ ಹಡಗುಗಳ ಹೊಟ್ಟೆ ಬರಿದು ಮಾಡಿದವಳು
ಗೆರ್ಟ್ರೂಡಾ ಕೊಂಕೆಲ್,
ಒಂದು ಬೆಕ್ಕಿನ ಹೊಟ್ಟೆಯ ಮುಂದೆ ಸೋತು
ಫೆಬ್ರವರಿಯ ಬೆಳಿಗ್ಗೆ
ಅಣಬೆ ಕೀಳಲು ಒಯ್ಯುವ ಬುಟ್ಟಿಯಲ್ಲಿ
ಅದನ್ನಿಟ್ಟುಕೊಂಡು ಬಂದಳು.

ಬೆಕ್ಕಿನ ಹೆಸರು ಶ್ರೂಬಾ.
ನಮ್ಮಲ್ಲಿ ತಿರುಪುಮೊಳೆಗೂ ಅದೇ ಮಾತು,
ಹಡಗನ್ನು ನೂಕುವ ನೀರೊಳಗಿನ ರೆಕ್ಕೆಗೂ ಅದೇ.
ಹನ್ನೊಂದು ದಿನವಾಗಿತ್ತು ಕಕ್ಕ ಮಾಡಿ.
ಎನಿಮಾ ಆಗಿದೆ, ಸಿರಪ್ಪು ಆಗಿದೆ, ಬೇಯಿಸಿದ ಕುಂಬಳ ಆಗಿದೆ,
ಪಕ್ಕದ ಮನೆಯವಳು ಹೇಳಿದಳೆಂದು
ಸಂತ ರೀತಾಳಿಗೆ ಹರಕೆಯೂ ಆಗಿದೆ.
ಎಕ್ಸ್‌ರೇಯಲ್ಲಿ ದೊಡ್ಡ ಕರುಳು:
ಹಿಗ್ಗಿ ಹಿಗ್ಗಿ
ಕುಗ್ಗುವುದನ್ನೇ ಮರೆತ ಚೀಲ.

ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವುದು
ದೊಡ್ಡ ಗುಣ ಅನ್ನುತ್ತಾರೆ.
ಶ್ರೂಬಾಳನ್ನು ಕಂಡಿದ್ದರೆ ಹಾಗನ್ನುತ್ತಿರಲಿಲ್ಲ.

"ಎಷ್ಟುದ್ದ ಕೊಯ್ಯುತ್ತೀರಿ?
ನನ್ನದು ಎಪ್ಪತ್ತೊಂಬತ್ತರಲ್ಲಿ, ಇಲ್ಲಿಂದ ಇಲ್ಲಿವರೆಗೆ,"
ಸ್ವೆಟರಿನ ಮೇಲೆ ಬೆರಳಲ್ಲಿ ಗೀಟೆಳೆದಳು.
ಡಾಕ್ಟರ್ ಒತೀಲಿಯಾ ಪೆನ್ನು ತೆಗೆದು
ಬಿಲ್ಲಿನ ಹಿಂಬದಿಗೆ ಮೂರು ಚುಕ್ಕೆ ಇಟ್ಟಳು.
ಒಂದು ಬೆಳಕಿಗೆ, ಎರಡು ಕೈಗಳಿಗೆ.
ಆಮೇಲೆ ಒಂದನ್ನು ತುಸು ಉದ್ದ ಮಾಡಿ
"ಕರುಳು ಹೊರಗೆ ಬರಬೇಕಲ್ಲ,
ಎರಡು ಬೆರಳಗಲದ ಬಾಗಿಲಾದರೂ ಬೇಕು."

ಕ್ಯಾಮೆರಾ ಹಿಡಿಯುವುದು ನನ್ನ ಕೆಲಸ.
ಮಾಡಬೇಕಾದ್ದು ಏನೂ ಇಲ್ಲ,
ಅಲುಗದೆ ನಿಲ್ಲುವುದೊಂದು ಬಿಟ್ಟು.
ಗಾಳಿ ತುಂಬಿ ಹೊಟ್ಟೆ ಡೇರೆಯಂತೆ ಎದ್ದಿತು,
ಬೆಳಕು ಒಳಗೆ ಹೋಯಿತು.
ಯಾರೂ ಕಾಲಿಡದ ಕೋಣೆ:
ಯಕೃತ್ತಿನ ಕೆಂಗಂದು ಅಂಚು, ಪಿತ್ತಕೋಶದ ಹಸಿರು,
ಬೆಣ್ಣೆಬಣ್ಣದ ಕೊಬ್ಬಿನ ಜಾಲರಿ,
ಅದರಡಿ ಮಲಗಿದ ಬೂದು ಕರುಳು,
ಸರಕು ಇಳಿಸಲು ಎಲ್ಲರೂ ಮರೆತ ದೋಣಿ.

ಒತೀಲಿಯಾಳ ಕೈ ಹೊರಗೆ, ಕಣ್ಣು ಪರದೆಯಲ್ಲಿ.
ಕೈ ಎಡಕ್ಕೆ ಬಾಗಿದರೆ
ಒಳಗಿನ ಇಕ್ಕಳ ಬಲಕ್ಕೆ.
ನಾಳ ಒಂದೊಂದಾಗಿ ಹಿಡಿದು, ಸುಟ್ಟು, ಬಿಡಿಸಿ,
ಬಾಗಿಲಿಂದ ಮೆಲ್ಲಗೆ ಎಳೆದು ತಂದಾಗ
ನಾವೆಲ್ಲ ಉಸಿರು ಬಿಗಿಹಿಡಿದೆವು
(ವಾಸನೆಗೂ ಇರಬಹುದು).
ಹೊರಗೇ ಕತ್ತರಿಸಿ, ಹೊರಗೇ ಹೊಲಿದು,
ಉಳಿದದ್ದನ್ನು ಉಳಿದದ್ದಕ್ಕೆ ಸೇರಿಸಿ
ಮತ್ತೆ ಕತ್ತಲೆಗೆ ಇಳಿಬಿಟ್ಟಳು.
ಬೋಳಿಸಿದ ಹೊಟ್ಟೆಯ ಮೇಲೆ
ಎರಡು ಚುಕ್ಕೆ, ಒಂದು ಗೀಟು.

ಸಂಜೆ ಗೆರ್ಟ್ರೂಡಾ ವಿಡಿಯೊ ಕೇಳಿದಳು.
ಬೇಡವೆಂದೆವು. ಬೇಕೆಂದಳು.
ಕನ್ನಡಕ ಏರಿಸಿ, ಬರಿ ಬುಟ್ಟಿ ಮಡಿಲಲ್ಲಿಟ್ಟು
ಮೊದಲಿಂದ ಕೊನೆವರೆಗೆ ನೋಡಿದಳು.
ಬೆರಳುಗಳು ಮೇಜಿನ ಮೇಲೆ
ಇಲ್ಲದ ಸನ್ನೆಕೋಲುಗಳನ್ನು ಆಡಿಸುತ್ತಿದ್ದವು.
"ಒಳ್ಳೇ ಕೈ," ಎಂದಳು ಡಾಕ್ಟರಿಗೆ,
"ಸರಕು ತೂಗಾಡಲು ಬಿಟ್ಟಿಲ್ಲ."
ಆಮೇಲೆ ನನ್ನ ಕಡೆ ತಿರುಗಿ:
"ನಲವತ್ತೊಂದನೇ ನಿಮಿಷ. ನೀನು ನಡುಗಿದೆ."

ಹೌದು. ರಕ್ತ ಚಿಮ್ಮಿದ ಗಳಿಗೆ ಅದು.
ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ.

"ಕೆಳಗೆ ಸನ್ನೆ ಮಾಡಲು ಒಬ್ಬನಿದ್ದ, ಬ್ರೂನೊನ್ ಅಂತ.
ಮಂಜು ಕವಿದರೆ ನನಗೆ ಕಾಣುತ್ತಿದ್ದದ್ದು
ಅವನ ಎರಡು ಕೈಗವಸು, ಅಷ್ಟೇ.
ಅವು ನಿಂತರೆ ನಿಲ್ಲಿಸಿದೆ, ಇಳಿದರೆ ಇಳಿಸಿದೆ.
ಒಂದು ಸಲ ಅವು ನಡುಗಿದವು."
ಅಲ್ಲಿಗೆ ಎದ್ದಳು.
ಮಿಕ್ಕಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು
ಕೋಟಿನ ಗುಂಡಿ ಹಾಕಿದಳು, ಕೊರಳವರೆಗೆ.

ಬೆಕ್ಕು ಮನೆಗೆ ಹೋದ ಮರುದಿನ
ಬೆಳಗಿನ ಐದೂಕಾಲಕ್ಕೆ ಫೋನು.
ಹಲೋ ಇಲ್ಲ, ಹೆಸರಿಲ್ಲ.
"ನೀರಿನ ಹಾಗಿದೆ," ಅಂದಳು, "ಪೂರಾ ನೀರು.
ಕಂಬಳಿ ಮೇಲೆ, ನನ್ನ ಚಪ್ಪಲಿ ಮೇಲೆ!"
ಕೆಲವು ವಾರ ಹಾಗೇ ಇರುತ್ತದೆ, ಅಂದೆ.
ಇರಲಿ ಇರಲಿ, ಅಂದಳು,
ಬಾಯ್ತುಂಬ ಹಿಗ್ಗು.

ಆಮೇಲೆ ಮಾತಿಲ್ಲ.
ಆ ಕಡೆ ಶ್ರೂಬಾ ಮರಳು ಕೆರೆಯುವ ಸದ್ದು,
ದೂರದಲ್ಲಿ ಯಾವುದೋ ಹಡಗಿನ ಹಾರನ್ನು.
"ಆವತ್ತು ಬ್ರೂನೊನ್..." ಅಂದಳು.
ನಿಲ್ಲಿಸಿದಳು. "ಇದ್ದೀಯಾ?"

ಇದ್ದೇನೆ, ಅಂದೆ.
ಫೋನನ್ನು ಎರಡೂ ಕೈಯಲ್ಲಿ
ಅಲುಗದಂತೆ ಹಿಡಿದುಕೊಂಡೆ.